ಹರ್ಷಿತ ನಾನು ಹೇಳಿದ್ದನ್ನೆಲ್ಲ ಮಾಡಿದಳು

ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದ ನಿರ್ದೇಶಕರೇ,

ತಾವು ಕೇಳಿರುವ ಲೇಖನವನ್ನು ನಾನು ಬರೆದುಕೊಡುವುದಿಲ್ಲ. ಈ ವರ್ಷ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಹಂಚುವ ಕೈಪಿಡಿಗೆ ‘ಗ್ರಾಮೀಣ ಭಾಗದ ಅನುಭವಿ ಶಿಕ್ಷಕರಿಂದ ಹತ್ತು ಉಪಯುಕ್ತ ಸಲಹೆಗಳು’ ಬೇಕೆಂದೂ, ಭಾಷೆ ಸರಳವಾಗಿರಲೆಂದೂ, ಎರಡು ಪುಟ ಮೀರದಿರಲೆಂದೂ ತಮ್ಮ ಕಚೇರಿಯಿಂದ ಪತ್ರ ಬಂದಿದೆ. ಹೊಸಕೋಟೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಸಲಹೆ ಕೊಡುವುದು ಕಷ್ಟವೇ? ಕೊಟ್ಟಿದ್ದೇನೆ. ಅದನ್ನು ಚಾಚೂ ತಪ್ಪದೆ ಪಾಲಿಸಿದ ಹುಡುಗಿಯನ್ನು ತಮ್ಮ ವಿಶ್ವವಿದ್ಯಾಲಯ ಹದಿನಾಲ್ಕು ವಾರಗಳಲ್ಲಿ ಮನೆಗೆ ಕಳಿಸಿತು. ಆಗ ನಾನು ಬರೆದ ಮೂರು ಪತ್ರಗಳಿಗೆ ತಮ್ಮಿಂದ ಒಂದು ಸಾಲಿನ ಉತ್ತರವೂ ಬರಲಿಲ್ಲ. ನನ್ನ ವಿಳಾಸ ತಮ್ಮಲ್ಲಿ ಇರಲಿಲ್ಲವೇನೋ ಎಂದುಕೊಂಡಿದ್ದೆ. ಇತ್ತು ಎಂದು ಈಗ ತಿಳಿಯಿತು. ಆದ್ದರಿಂದ ಈ ನಾಲ್ಕನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಆ ಹುಡುಗಿ ಹರ್ಷಿತ. ನಮ್ಮ ಸಮೇತನಹಳ್ಳಿಯಲ್ಲಿ ಸೊಪ್ಪು ಬೆಳೆದು ಹೊಸಕೋಟೆಗೆ ಒಯ್ದು ಮಾರುವ ಸೊಣ್ಣಮ್ಮನ ದೊಡ್ಡ ಮಗಳು. ಎಂಟನೇ ತರಗತಿಯಲ್ಲಿ ನಾನು ನೀರಿನ ಕುದಿಬಿಂದುವಿನ ಪಾಠ ಮಾಡುತ್ತಿದ್ದಾಗ ಎದ್ದು ನಿಂತು, “ಕುದಿಯೋಕೆ ಮುಂಚೆನೇ ಪಾತ್ರೆ ತಳದಲ್ಲಿ ಸಣ್ಣಸಣ್ಣ ಗುಳ್ಳೆ ಬರ್ತವಲ್ಲ, ಅದು ಯಾಕ್ ಸಾರ್?” ಎಂದು ಕೇಳಿದಳು. ನನಗೆ ತಕ್ಷಣ ಹೊಳೆಯಲಿಲ್ಲ. ಮನೆಗೆ ಹೋಗಿ ಓದಿಕೊಂಡು ಬಂದು, ಅದು ನೀರಿನಲ್ಲಿ ಕರಗಿರುವ ಗಾಳಿ ಎಂದು ಮರುದಿನ ಹೇಳಿದೆ. “ಹಂಗಾದ್ರೆ ಮೀನು ಉಸಿರಾಡೋದು ಅದನ್ನೇನಾ ಸಾರ್?” ಎಂದಳು. ಮೂವತ್ತೊಂದು ವರ್ಷದಲ್ಲಿ ಅಂಥ ಮಗು ನನಗೆ ಮತ್ತೊಂದು ಸಿಗಲಿಲ್ಲ.

ಹೊಸಕೋಟೆಯಲ್ಲಿ ಪಿಯುಸಿ ಮುಗಿಸಿದ ಮೇಲೆ ತಮ್ಮ ಆವರಣದ ಐದು ವರ್ಷದ ವಿಜ್ಞಾನ ಪದವಿಗೆ ಅವಳಿಗೆ ಸೀಟು ಸಿಕ್ಕಿತು. ಸೇರುವ ಹಿಂದಿನ ದಿನ ಕಾಲಿಗೆ ಬೀಳಲು ಬಂದವಳನ್ನು ಕೂರಿಸಿಕೊಂಡು ಹೇಳಿದೆ: “ಮುಂದಿನ ಬೆಂಚಲ್ಲಿ ಕೂತ್ಕೊಳಮ್ಮ. ಅರ್ಥ ಆಗ್ದಿದ್ರೆ ಆವಾಗ್ಲೇ ಕೇಳು, ನಾಚ್ಕೋಬೇಡ. ಏನಾದ್ರೂ ತೊಂದ್ರೆ ಆದ್ರೆ ಒಳಗೊಳಗೇ ಇಟ್ಕೋಬೇಡ, ಆಫೀಸಿಗೆ ಹೋಗಿ ಹೇಳು. ಅವ್ರು ಇರೋದೇ ನಿಮಗೋಸ್ಕರ.” ಕೊನೆಯ ಮಾತನ್ನು ನಾನು ನಿಜವಾಗಿ ನಂಬಿ ಹೇಳಿದ್ದೆ.

ಅವಳು ಮುಂದಿನ ಬೆಂಚಿನಲ್ಲೇ ಕೂತಳು. ಮೊದಲ ವಾರವೇ ಅರ್ಥವಾಗದ್ದನ್ನು ಕನ್ನಡದಲ್ಲಿ ಕೇಳಿದಳು. ಇಂಗ್ಲಿಷಿನಲ್ಲಿ ಕೇಳು ಎಂದರು ಉಪನ್ಯಾಸಕರು. ಅವಳಿಗೆ ಇಂಗ್ಲಿಷ್ ಓದಲು ಬರುತ್ತದೆ, ಬರೆಯಲು ಬರುತ್ತದೆ. ಅರವತ್ತು ಜನರ ಮುಂದೆ ನಿಂತು ಅದರಲ್ಲಿ ಮಾತಾಡು ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ತಡವರಿಸಿ ಕೊನೆಗೆ, “ಯಾಕ್ ಸಾರ್?” ಎಂದುಬಿಟ್ಟಳು. ಹಿಂದಿನಿಂದ ಯಾರೋ ಅದೇ ರಾಗದಲ್ಲಿ ಅದನ್ನೇ ಅಂದರು. ತರಗತಿ ನಕ್ಕಿತು. ಉಪನ್ಯಾಸಕರೂ ನಕ್ಕರಂತೆ. ಅಂದಿನಿಂದ ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಅವಳ ಹೆಸರು ‘ಯಾಕ್ಸಾರ್’. ಆದರೂ ಮುಂದಿನ ಆರು ವಾರಗಳಲ್ಲಿ ಇನ್ನೂ ನಾಲ್ಕು ಸಲ ಎದ್ದು ನಿಂತಳು. “ನಾಚ್ಕೋಬೇಡ ಅಂದಿದ್ರಲ್ಲ ಸಾರ್, ಅದಕ್ಕೇ ಕೇಳ್ದೆ,” ಎಂದು ಆಮೇಲೆ ನನಗೆ ಹೇಳಿದಳು.

ತಮ್ಮ ನಿಯಮದ ಪ್ರಕಾರ ಐವತ್ತು ಕಿಲೋಮೀಟರಿನ ಒಳಗಿನವರಿಗೆ ಹಾಸ್ಟೆಲ್ ಇಲ್ಲ. ನಮ್ಮ ಊರು ಒಳಗೇ ಇದೆ; ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಅಳೆದವರಿಗೆ ನಡುವೆ ಒಂದು ಬೆಂಗಳೂರು ಇದೆ ಎಂಬುದು ಕಾಣಲಿಲ್ಲ. ಬೆಳಗಿನ ಮೊದಲ ಬಸ್ಸು ಹತ್ತಿ, ಎರಡು ಬಸ್ಸು ಬದಲಿಸಿ, ಎಲ್ಲೂ ನಿಲ್ಲದಂತೆ ಓಡಿದರೂ ತಮ್ಮ ಗೇಟು ಮುಟ್ಟುವುದು ಎಂಟೂ ಇಪ್ಪತ್ತಕ್ಕೆ. ಮೊದಲ ತರಗತಿ ಎಂಟಕ್ಕೆ. ಎಂಟೂ ಐದಕ್ಕೆ ಬಾಗಿಲು ಮುಚ್ಚುತ್ತಾರೆ. ಮುಚ್ಚಿದ ಬಾಗಿಲಿನ ಹೊರಗೆ ನಿಂತು ಅವಳು ನೋಟ್ಸು ಬರೆದುಕೊಂಡಿದ್ದಾಳೆ, ಕಿಟಕಿಯಿಂದ ಕೇಳಿಸಿದಷ್ಟು. ಹಾಜರಿ ಪುಸ್ತಕದಲ್ಲಿ ಅದಕ್ಕೇನು ಗುರುತು ಹಾಕುತ್ತೀರಿ?

ನಾನು ಹೇಳಿದಂತೆ ಕಚೇರಿಗೂ ಹೋದಳು. ಒಂದು ಕೌಂಟರಿನವರು ಇದು ನಮ್ಮ ವಿಭಾಗವಲ್ಲ ಎಂದರು. ಇನ್ನೊಬ್ಬರು ಬಸ್ಸು ತಡವೆಂಬುದಕ್ಕೆ ಪುರಾವೆ ತರಹೇಳಿದರು. ಡಿಪೋಗೆ ಹೋಗಿ ಬಸ್ಸಿನ ವೇಳಾಪಟ್ಟಿಗೆ ಮೊಹರು ಒತ್ತಿಸಿಕೊಂಡು ತಂದುಕೊಟ್ಟಳು. ಹಾಜರಿ ಕೊರತೆಯ ಪಟ್ಟಿಯಲ್ಲಿ ಅವಳ ಹೆಸರು ಬಂದ ದಿನ ನಾನೂ ಜೊತೆಗೆ ಹೋದೆ. ಅಲ್ಲಿನ ಗುಮಾಸ್ತರು ಕೆಟ್ಟವರಲ್ಲ. ಕುರ್ಚಿ ಕೊಟ್ಟು ಕೂರಿಸಿದರು.

“ಮೇಷ್ಟ್ರೇ, ನಾನೂ ಮಾಲೂರಿಂದ ಟ್ರೈನಲ್ಲಿ ಬರೋನು, ನಂಗೆ ಗೊತ್ತಾಗಲ್ವಾ? ಆದ್ರೆ ಹಾಜರಿ ವಿನಾಯ್ತಿ ಕೇಳೋ ಈ ಫಾರಮ್ಮಲ್ಲಿ ಇರೋದು ಮೂರೇ ಕಾರಣ. ಕಾಯಿಲೆ, ಮನೇಲಿ ಸಾವು, ಸ್ಪೋರ್ಟ್ಸು. ಬಸ್ ಅಂತ ಬರ್ಯೋಕೆ ಜಾಗ ಇಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ಟೈಫಾಯ್ಡು ಅಂತ ಒಂದು ಸರ್ಟಿಫಿಕೇಟ್ ತಂದ್ಬಿಡಮ್ಮ. ಎಲ್ರೂ ತರ್ತಾರೆ,” ಎಂದರು.

ಹರ್ಷಿತ ಅವರನ್ನು ನೋಡಿದಳು. “ನಂಗೇನೂ ಆಗಿಲ್ವಲ್ಲ ಸಾರ್,” ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. ಮಾನ್ಯರೇ, ಸುಳ್ಳು ಹೇಳಬಾರದೆಂದು ಸಾವಿರಾರು ಮಕ್ಕಳಿಗೆ ಹೇಳಿದ ಬಾಯಿ ಇದು. ಆ ಕ್ಷಣ ಅವಳು ಹೂಂ ಅಂದುಬಿಡಲಿ ಎಂದು ನಾನು ಬಯಸಿದೆ. ತಾ ಎನ್ನಲು ಮನಸ್ಸು ಬರಲಿಲ್ಲ, ಬೇಡವೆನ್ನಲೂ ಆಗಲಿಲ್ಲ. ಅವಳು ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಪರೀಕ್ಷೆಗೆ ಕೂರಿಸಲಿಲ್ಲ. ಮರುವಾರದಿಂದ ಅವಳು ಹೋಗಲಿಲ್ಲ. ನಾನು ಮನೆಗೆ ಹೋದಾಗ ಸೊಣ್ಣಮ್ಮ, “ನಮ್ಮುಡುಗೀದೇ ಏನೋ ತಪ್ಪಿರ್ಬೇಕು ಮೇಷ್ಟ್ರೇ, ಅಷ್ಟು ದೊಡ್ಡ ಕಾಲೇಜು ಸುಮ್ಸುಮ್ನೆ ಕಳಿಸ್ತದಾ?” ಎಂದಳು. ಹರ್ಷಿತ ಕಾಫಿ ತಂದಿಟ್ಟು ಎದುರಿಗೆ ನಿಂತಳು. “ನೀವು ಹೇಳಿದ್ದೆಲ್ಲಾ ಮಾಡ್ದೆ ಸಾರ್. ಒಂದೂ ಬಿಟ್ಟಿಲ್ಲ. ನೀವು ಬೇಜಾರ್ ಮಾಡ್ಕೋಬೇಡಿ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಹೊಸಕೋಟೆಯ ಹೊರಗಿನ ಗೋದಾಮೊಂದರಲ್ಲಿ ಪಾರ್ಸೆಲ್ಲುಗಳಿಗೆ ಚೀಟಿ ಅಂಟಿಸುವ ಕೆಲಸ. ದಿನವೂ ಸರಿಯಾದ ಹೊತ್ತಿಗೆ ಮುಟ್ಟುತ್ತಾಳೆ. ಅವರು ಊರ ಬಾಗಿಲಿಗೇ ವ್ಯಾನು ಕಳಿಸುತ್ತಾರೆ.

ಇಷ್ಟಾಗಿ ಒಂದೂವರೆ ವರ್ಷವಾಯಿತು. ಈಗ ಅವಳ ತಂಗಿ ಅಕ್ಷತಳಿಗೆ ತಮ್ಮಲ್ಲೇ, ಅದೇ ಪದವಿಗೆ ಸೀಟು ಸಿಕ್ಕಿದೆ. ಸುದ್ದಿ ಕೇಳಿ ಕಳೆದ ಭಾನುವಾರ ಹೋಗಿದ್ದೆ. ಬಾಗಿಲಲ್ಲೇ ಹರ್ಷಿತಳ ಮಾತು ಕೇಳಿಸಿತು. ತಂಗಿಯನ್ನು ಕೂರಿಸಿಕೊಂಡು ಹೇಳುತ್ತಿದ್ದಳು: “ಹಿಂದಿನ ಬೆಂಚಲ್ಲಿ ಕೂತ್ಕೋ. ಅರ್ಥ ಆಗ್ದಿದ್ರೂ ತಲೆ ಆಡ್ಸು. ಏನೂ ಕೇಳ್ಬೇಡ. ಲೇಟಾದ್ರೆ ಟೈಫಾಯ್ಡು ಅಂತ ಚೀಟಿ ಮಾಡಿಸ್ಕೊಂಡು ಹೋಗು. ಆಫೀಸ್ ಕಡೆ ತಲೆ ಹಾಕ್ಬೇಡ.” ನನ್ನನ್ನು ನೋಡಿ ಎದ್ದು ನಿಂತು, ಮೆಲ್ಲಗೆ, “ಇವ್ಳಿಗೆ ನೀವೇನೂ ಹೇಳ್ಬೇಡಿ ಸಾರ್,” ಎಂದಳು.

ಹೇಳಲಿಲ್ಲ. ಹೇಳಲು ನನ್ನ ಬಳಿ ಏನಿತ್ತು? ಅವಳು ಹೇಳಿದ್ದೆಲ್ಲ ತಮ್ಮಲ್ಲಿ ಪರೀಕ್ಷಿಸಿ ನೋಡಿದ್ದು. ಕೈಪಿಡಿಗೆ ಬೇಕಿದ್ದರೆ ಅದನ್ನೇ ಅಚ್ಚು ಹಾಕಿಸಿ. ಎರಡು ಪುಟವೂ ಬೇಕಾಗುವುದಿಲ್ಲ.

ಅಚ್ಚು ಹಾಕಿಸಲು ನಾಚಿಕೆಯಾದರೆ ಇಷ್ಟು ಮಾಡಿ. ಅಕ್ಷತ ಬರುವುದಕ್ಕೆ ಮುಂಚೆ, ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಮೊದಲ ತರಗತಿಯ ಬಾಗಿಲು ತೆರೆದಿಡಿ, ಇಲ್ಲವೇ ಹಾಸ್ಟೆಲ್ ಕೊಡಿ. ಆ ಫಾರಂನಲ್ಲಿ ನಿಜ ಬರೆಯಲು ಒಂದು ಸಾಲು ಬಿಡಿ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಯಾವ ಭಾಷೆಯಲ್ಲಾದರೂ ಸರಿ, ಉತ್ತರ ಕೊಡಲು ತಮ್ಮ ಉಪನ್ಯಾಸಕರಿಗೆ ಹೇಳಿ. ಮತ್ತು ಹರ್ಷಿತಳ ಸೀಟನ್ನು ಅವಳಿಗೆ ವಾಪಸು ಕೊಡಿ. ಅವಳು ಒಪ್ಪುತ್ತಾಳೋ ಇಲ್ಲವೋ ನಾನು ಹೇಳಲಾರೆ. ಇನ್ನೊಮ್ಮೆ ಹೋಗು ಎನ್ನುವ ಮುಖ ನನಗಿಲ್ಲ. ತಾವೇ ಬಂದು ಕೇಳಬೇಕು. ಭಾನುವಾರ ಅವಳಿಗೆ ರಜೆ.

ಇಂತಿ,
ಒಳ್ಳೆಯದನ್ನೇ ಹೇಳುತ್ತಿದ್ದೇನೆಂದು ನಂಬಿದ್ದ ಮೇಷ್ಟ್ರು,
ಉಮಾಶಂಕರ್
ಸಮೇತನಹಳ್ಳಿ, ಹೊಸಕೋಟೆ ತಾಲ್ಲೂಕು