ಅಲುಗಾಡದ ಡೆಸ್ಕು

ಅಪ್ಪನಿಗೆ,

ಶಾಲೆಗಳಿಗೆ ಡೆಸ್ಕು ಮಾಡುವ ಶೆಡ್ಡಿನಲ್ಲಿ ಮರ ಉಜ್ಜುವ ಕೆಲಸ ಸಿಕ್ಕಿದೆ, ನಗಬೇಡಿ. ಹೊಸ ಡೆಸ್ಕು ಅಲುಗಾಡುತ್ತದೋ ಎಂದು ನೋಡಲು ಯಾರಾದರೂ ಕೂತು ಬರೆಯಬೇಕು. “ಶಾಲೇಲಂತೂ ಕೂರಲಿಲ್ಲ, ಇಲ್ಲಾದ್ರೂ ಕೂತ್ಕೋ ತಾಯಿ” ಎಂದು ಮೇಸ್ತ್ರಿ ದಿನವೂ ನನ್ನನ್ನೇ ಕೂರಿಸುತ್ತಾರೆ. ಈ ಕಾರ್ಡನ್ನೂ ಹಾಗೆಯೇ ಬರೆಯುತ್ತಿದ್ದೇನೆ. ನನ್ನ ಕೆಮ್ಮು ವಾಸಿಯಾಯಿತೆಂದು ಅಮ್ಮನಿಗೆ ಹೇಳಿ.

ಶಾಲೆ ಬಿಟ್ಟಿದ್ದಕ್ಕೆ ನನಗೆ ಬೇಸರವಿಲ್ಲ, ನಿಮ್ಮನ್ನು ಮೆಚ್ಚಿಸಲು ಸುಳ್ಳು ಬರೆಯಲಾರೆ. ಆದರೆ ಅಂದಿನಿಂದ ನೀವು ಮಾತು ಬಿಟ್ಟಿದ್ದು ನೆನಪಾದರೆ ಊಟದ ತಟ್ಟೆ ಸರಿಸಿ ಏಳುತ್ತೇನೆ. ಬೈದಾದರೂ ಒಂದು ಸಾಲು ಬರೆಯಿರಿ.

ಡೆಸ್ಕು ಗಟ್ಟಿಯಾಗಿದೆ. ಅಕ್ಷರ ನಡುಗಿದ್ದರೆ ಅದು ನನ್ನ ಕೈಯದು. ನಾಳೆ ಇದು ಶಾಲೆಗೆ ಹೋಗುತ್ತದೆ. ನಾನು ಹೋಗುವುದಿಲ್ಲ ಅಪ್ಪ.

ಮೇಸ್ತ್ರಿ ಏಳು ಎನ್ನುತ್ತಿದ್ದಾರೆ.

ನಿಮ್ಮ ಸಣ್ಣವಳು