ಕರಿ ಹೋತವನ್ನು ಸೀಮೆ ದಾಟಿಸು

ಹೊಸ ಎಣಿಕೆಯ ವರ್ಷ ೭೧, ಶ್ರಾವಣ ಮೂವತ್ತೆಂಟು

ಕೆಂಚವ್ವಜ್ಜಿಗೆ,

ಮೂರು ಗಂಟೆಗೆ ಹಲ್ಲು ಕಡಿಯುವ ಸದ್ದಿಗೆ ಎಚ್ಚರವಾಯಿತು. ಮಗುವೇ ಇರಬೇಕೆಂದು ತೊಟ್ಟಿಲಿಗೆ ಕೈ ಹಾಕಿದೆ. ಅದಕ್ಕಿನ್ನೂ ಹಲ್ಲೇ ಬಂದಿಲ್ಲ. ಸದ್ದು ಗೋಡೆಯಾಚೆಯದು. ನಮ್ಮ ಆಡು ನೋವು ತಾಳಲಾರದೆ ಹಲ್ಲು ಕಡಿಯುತ್ತಿತ್ತು. ಈಗಲೂ ಕಡಿಯುತ್ತಿದೆ.

ತಾರೀಖು ನೋಡಿ ಗಾಬರಿಯಾಗಬೇಡ, ನಮ್ಮ ತಿಂಗಳಿಗೆ ನಲವತ್ತು ದಿನ. ನಾನು ಸುಗಲಾ, ನಿನ್ನ ಮೊಮ್ಮಗಳ ಮೊಮ್ಮಗಳು. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಸ್ವಂತ ರಕ್ತದವರಿಗೆ, ಜೀವಮಾನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸು. ಇದು ನಿನ್ನ ಕೈ ಸೇರುವ ರಾತ್ರಿ ನೀನು ನನಗಿಂತ ಚಿಕ್ಕವಳು, ನಿನ್ನ ಮಡಿಲಲ್ಲೂ ಎಳೆಗೂಸಿದೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ, ನಿನ್ನ ಮಾವನಿಗಲ್ಲ.

ನಮ್ಮ ಆಡುಗಳು ಹೇಗಿವೆಯೆಂದು ಹೇಳಲು ಹೇಸಿಗೆಯಾಗುತ್ತದೆ. ಮೈ ಬಿಳಿ, ಬೇಯಿಸಿದ ಹಿಟ್ಟಿನ ಹಾಗೆ. ಕೆಚ್ಚಲು ನೆಲಕ್ಕೆ ತಾಗುತ್ತದೆ, ಆದ್ದರಿಂದ ಪ್ರತಿ ಆಡಿಗೂ ಕೆಚ್ಚಲಂಗಿ ತೊಡಿಸುತ್ತೇವೆ. ಬೆನ್ನ ಮೇಲಿಂದ ಕಟ್ಟುವ ಜೋಳಿಗೆ ಅದು. ಎಷ್ಟು ಒಗೆದರೂ ಹುಳಿನಾತ ಬಿಡುವುದಿಲ್ಲ. ಜಾಲಿಯ ಸೊಪ್ಪು ಎದುರಿಗಿಟ್ಟರೆ ಮೂಸಿಯೂ ನೋಡುವುದಿಲ್ಲ, ಅಚ್ಚುಮೇವೇ ಬೇಕು, ಇಟ್ಟಿಗೆಯ ಹಾಗೆ ಒತ್ತಿದ ಮೇವು. ಹತ್ತು ಹೆಜ್ಜೆ ನಡೆದರೆ ಕುಸಿಯುತ್ತವೆ. ಬಿಸಿಲಿಗೆ ನಾನೇ ಹೆಗಲ ಮೇಲೆ ಹೊತ್ತು ತರಬೇಕು. ಪಕ್ಕದ ಮನೆಯ ಚಂಪವ್ವ ಕಟ್ಟೆಯ ಮೇಲೆ ಕುಳಿತು, "ಯಾಕವಾ ಸುಗಲಾ, ಇಬ್ಬರೊಳಗ ಕೂಸು ಯಾವ್ದು? ಮದ್ಲ ಯಾವ್ದಕ್ಕ ಹಾಲು ಕುಡಸ್ತಿ?" ಎಂದು ನಗುತ್ತಾಳೆ. ಅವಳ ಆಡು ಹೋದ ತಿಂಗಳೇ ಸತ್ತಿತು. ಹಾಗಾಗಿ ಅವಳು ನಗಬಹುದು.

ನನ್ನ ಎದೆಹಾಲು ಬತ್ತಿದೆ. ನಿದ್ದೆಯಿಲ್ಲದ್ದಕ್ಕೋ ಹೆದರಿಕೆಗೋ ತಿಳಿಯದು. ಈ ಆಡಿನ ಹಾಲು ಎಳೆಯೆಳೆಯಾಗಿ ಬರುತ್ತದೆ, ಕೀವಿನ ಗಂಟು, ಒಮ್ಮೊಮ್ಮೆ ರಕ್ತದ ನೂಲು. ಬಟ್ಟೆಯಲ್ಲಿ ಸೋಸುತ್ತೇನೆ, ಮೂರು ಸಲ ಕುದಿಸುತ್ತೇನೆ, ಮುಖ ತಿರುಗಿಸಿಕೊಂಡು ಮಗುವಿಗೆ ಕುಡಿಸುತ್ತೇನೆ. ಅದು ನನ್ನನ್ನೇ ನೋಡುತ್ತ ಗುಟುಕು ಗುಟುಕಾಗಿ ಕುಡಿಯುತ್ತದೆ. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡುತ್ತೇನೆ. ಬೇರೆ ಹಾಲು ಅದಕ್ಕೆ ಒಗ್ಗುವುದಿಲ್ಲ.

ನಾನು ಕಾಲೇಜಿನಲ್ಲಿ ಓದಿದ್ದು ತಳಿಶಾಸ್ತ್ರವನ್ನೇ, ಆದ್ದರಿಂದ ಸುಳ್ಳು ಹೇಳಲಾರೆ: ಹಾಲು ಹೆಚ್ಚಲೆಂದು ಸರ್ಕಾರದವರು ನಿನ್ನೂರಿಗೆ ಕೊಡಲಿರುವ ಬಿಳಿ ಹೋತದ ಮೊದಲ ಮರಿಗಳು ಚೆನ್ನಾಗಿದ್ದವು. ಹಾಲು ಇಮ್ಮಡಿ, ಊರ ಆಡಿನ ಗಟ್ಟಿತನವೂ ಇತ್ತು. ಆದರೆ ಆ ಗಟ್ಟಿತನ ನಿಮ್ಮ ಕರಿ ಆಡುಗಳದು. ಆ ಮರಿಗಳಿಗೆ ಮತ್ತೆ ಬಿಳಿ ಹೋತವನ್ನೇ ಕೂಡಿಸಿದರು, ಅವುಗಳ ಮರಿಗಳಿಗೂ ಬಿಳಿಯದನ್ನೇ. ಹಿಂತಿರುಗಿ ನೋಡಿದಾಗ ಊರ ಹೋತವೇ ಇರಲಿಲ್ಲ, ಯಾವ ಊರಲ್ಲೂ.

ನಿನ್ನೂರಲ್ಲಿ ಇನ್ನೂ ಒಂದಿದೆ. ಉಳಿದ ಹೋತಗಳ ಬೀಜ ಒಡೆಸಿಯಾಗಿದೆ. ದ್ಯಾಮವ್ವನಿಗೆ ಹರಕೆ ಬಿಟ್ಟದ್ದೆಂದು ಕಿವಿ ಸೀಳಿದ ಕರಿ ಹೋತಕ್ಕೆ ಯಾರೂ ಕೈ ಹಚ್ಚಲಿಲ್ಲ. ಅದು ಮಲಗುವುದು ನಿಮ್ಮ ಹಿತ್ತಲಲ್ಲೇ. ಅದನ್ನೂ ತೆಗೆಯದೆ ಬಿಳಿ ಹೋತ ಕೊಡುವುದಿಲ್ಲ ಎಂದರು ಇವತ್ತು ಸಂಜೆ ನಿಮ್ಮೂರಿಗೆ ಬಂದ ಸರ್ಕಾರಿ ಸಾಹೇಬರು. ಆಗ ನಿನ್ನ ಮಾವ ಭರಮಪ್ಪಜ್ಜ ಉಪಾಯ ತೆಗೆದ: "ದ್ಯಾಮವ್ವಗ ನಾಳೆ ಮುಂಜಾನೇನ ಕಡದು ಬಿಡೂಣು. ಹರಕೀನೂ ತೀರಿದಂಗಾತು, ಸಾಹೇಬ್ರ ಮಾತೂ ನಡದಂಗಾತು." ಎಂಥ ಜಾಣತನ! ನಮ್ಮ ಮನೆಯಲ್ಲಿ ಇಂದಿಗೂ ಅದನ್ನು ನಕ್ಕು ನಕ್ಕು ಹೇಳುತ್ತಾರೆ. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ನೀನೂ ಒಳಗಿನಿಂದ, "ಕಡೀರಿ ಅತ್ಲಾಗ, ಅದರ ನಾತಕ್ಕ ಕೂಸು ಮಲಗವಲ್ದು" ಎಂದೆಯಂತೆ.

ಹೋತದ ನಾತ ನನಗೆ ಗೊತ್ತಿಲ್ಲ. ತನ್ನ ಗಡ್ಡಕ್ಕೇ ಉಚ್ಚೆ ಹೊಯ್ದುಕೊಳ್ಳುತ್ತದೆಂದು ಓದಿದ್ದೇನಷ್ಟೆ. ಇರಲಿ ಅಜ್ಜಿ, ನಿನ್ನ ಅಸಹ್ಯ ಸೆರಗು ಒಗೆದರೆ ಹೋಗುವಂಥದ್ದು. ನನ್ನದು ಮಗುವಿನ ಬಾಯಲ್ಲಿದೆ.

ಬಿಳಿ ಹೋತ ಬೇಡವೆಂದು ಜಗಳವಾಡು ಎನ್ನುವುದಿಲ್ಲ. ಬರಲಿ ಅದು. ನಿಮ್ಮ ಪದ್ಧತಿಯಲ್ಲೇ ದಾರಿಯಿದೆ: ಹರಕೆಯ ಹೋತ ಸೀಮೆ ದಾಟಿದರೆ, ತಾನಾಗಿ ಮರಳಿ ಬರುವವರೆಗೂ ಅದನ್ನು ಕಡಿಯುವಂತಿಲ್ಲ. ಸೀಮೆಯ ಹಳ್ಳದಾಚೆ ನಿನ್ನ ತವರು. ನಿನ್ನಣ್ಣ ಫಕೀರಪ್ಪನಿಗೆ ಗಾಡಿಯಿದೆ, ಕೊಟ್ಟಿಗೆಯಿದೆ, ಐದಾರು ಕರಿ ಆಡುಗಳಿವೆ; ಹೋತವನ್ನು ಅವನು ಒಯ್ದರೆ ಕರಿ ತಳಿ ಅಲ್ಲಿ ಉಳಿಯುತ್ತದೆ. ನನಗೆ ಅವನನ್ನು ಮುಟ್ಟಲು ದಾರಿಯಿಲ್ಲ. ನಿನ್ನ ದಿಂಬಿನ ಪಕ್ಕದಲ್ಲೇ ಫೋನಿದೆ.

ಆಡು ಈಗ ಹಲ್ಲು ಕಡಿಯುವುದನ್ನು ನಿಲ್ಲಿಸಿತು. ಎದ್ದು ಹೋಗಿ ನೋಡಲು ಧೈರ್ಯವಿಲ್ಲ. ಮಗು ಏಳುವ ಹೊತ್ತಾಯಿತು.

ಅಜ್ಜಿ, ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಅಣ್ಣನಿಗೆ ಫೋನು ಮಾಡು. ಅವನದು ಸತ್ತಂಥ ನಿದ್ದೆಯಂತೆ, ಮೊದಲ ಸಲಕ್ಕೆ ಎತ್ತುವುದಿಲ್ಲ. ಮತ್ತೆ ಮಾಡು. ಎತ್ತುವವರೆಗೂ ಮಾಡು.