ಇವರ ಎಡಗಾಲು

6 ಜೂನ್ 1983, ಬೆಳಗ್ಗೆ 5.30

ಲಗ್ಗೆರೆಗೆ ಇವತ್ತೂ ನೀರು ಬಿಟ್ಟಿಲ್ಲ. ಪೀಣ್ಯ ಫ್ಯಾಕ್ಟರಿ ಬಸ್ಸಿಗೆ ಇನ್ನು ಅರ್ಧ ಗಂಟೆ. ಉಪ್ಪಿಟ್ಟು ಒಲೆ ಮೇಲಿದೆ, ಇದನ್ನ ಬರೀತಾ ಯಾಕೆ ಕೂತಿದೀನೋ. ನಿದ್ದೆ ಇಲ್ಲ.

ಮಗಳು ಪ್ರಭಾಗೆ ಬಿ.ಎಸ್ಸಿ. ಸೀಟ್ ಸಿಕ್ಕಿದೆ. ಫೀಸ್ ಕಟ್ಟೋ ಶಕ್ತಿ ನಮಗಿಲ್ಲ. ಯುದ್ಧದಲ್ಲಿ ಊನ ಆದವರ ಮಕ್ಕಳಿಗೆ ಪೂರ್ತಿ ಮಾಫಿಯಂತೆ, ಕಾಲೇಜಿನ ಗುಮಾಸ್ತ ನರಸಿಂಹಯ್ಯ ಹೇಳಿದ್ರು. ಆದ್ರೆ ಹಳೇ ಸರ್ಟಿಫಿಕೇಟ್ ನಡೆಯಲ್ಲ, ಇವರು ಮತ್ತೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಊನ ಶೇಕಡ ಐವತ್ತು ಅಂತ ಬರೆದುಕೊಟ್ರೆ ಸಾಕು. ಎಪ್ಪತ್ತೊಂದರ ಯುದ್ಧದಲ್ಲಿ ಇವರ ಮಂಡಿಗೆ ಷೆಲ್ ಚೂರು ಹೊಕ್ಕಾಗ ಅರವತ್ತು ಬರೆದಿದ್ರು. ಈಗೇನು ಕಡಿಮೆ ಆಗಿರತ್ತೆ? ಮೆಟ್ಟಿಲು ಹತ್ತೋಕೆ ಇವತ್ತಿಗೂ ಗೋಡೆ ಹಿಡೀತಾರೆ.

9 ಜೂನ್

ಬೋರ್ಡಿಗೆ ಹೋಗಿ ಬಂದ್ವಿ. ಯಾರನ್ನ ಬೈಯಲಿ?

ಶರ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವಳು ನಾನೇ. ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಒಳಗೆ ಕರ್ನಲ್ ಸಾಹೇಬರು ಕೂತಿರೋದು ಕಂಡಿದ್ದೇ ತಡ — ಇವರು ಕೋಲು ನನ್ನ ಕೈಗೆ ಕೊಟ್ಟು, ಎದೆ ಸೆಟೆಸಿ, ಟಕ್ ಟಕ್ ಅಂತ ನಡೆದು ಹೋಗಿ ಸೆಲ್ಯೂಟ್ ಹೊಡೆದ್ರು. ಒಂದು ಚೂರೂ ಕುಂಟಲಿಲ್ಲ. ನೋವಿದೆಯಾ ಅಂದಿದ್ದಕ್ಕೆ "ನೋ ಸರ್." ಹನ್ನೆರಡು ವರ್ಷದಿಂದ ನನ್ನ ಕೈಲಿ ಎಣ್ಣೆ ತಿಕ್ಕಿಸಿಕೊಂಡ ಮಂಡಿ ಕಣ್ರೀ ಅದು!

ಶೇಕಡ ಇಪ್ಪತ್ತು ಬರೆದ್ರು.

ಬಸ್ಸಲ್ಲಿ ಇವರು ಎರಡೂ ಕೈಲಿ ಮಂಡಿ ಹಿಡ್ಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ರು.

10 ಜೂನ್

ಪ್ರಭಾ ಅಳಲಿಲ್ಲ. ಅತ್ತಿದ್ರೆ ಚೆನ್ನಾಗಿತ್ತು. ನಿನ್ನ ಜೊತೆ ಫ್ಯಾಕ್ಟರಿಗೆ ಮೋಟರ್ ಕಾಯಿಲ್ ಸುತ್ತೋಕೆ ಬರ್ತೀನಿ, ಸೂಪರ್‌ವೈಸರ್ ಹತ್ರ ಮಾತಾಡಮ್ಮ ಅಂದಳು. ಬಾಯಿಗೆ ಬಂದ ಹಾಗೆ ಬೈದೆ, ಇವರಿಗೆ ಕೇಳಿಸಲಿ ಅಂತಲೇ.

17 ಜೂನ್

ಅಪೀಲ್ ಬೋರ್ಡ್ ಅಂತ ಒಂದಿದೆಯಂತೆ. 24ಕ್ಕೆ. ಫೀಸಿಗೆ 27 ಕೊನೇ ದಿನ.

ಇವರು ಒಪ್ಪೋಕೇ ನಾಲ್ಕು ದಿನ ಬೇಕಾಯ್ತು. ಸುಳ್ಳು ಹೇಳಿ ಅಂತಿಲ್ಲ ಕಣ್ರೀ, ಮನೇಲಿ ನಡೆಯೋ ಹಾಗೆ ಅಲ್ಲೂ ನಡೀರಿ ಅಂದೆ. ಆಫೀಸರ್ ಎದುರು ಕಾಲು ಹಾಗೆ ಹೋಗಲ್ಲ ಅಂತಾರೆ! ಹಣೆ ಚಚ್ಚಿಕೊಂಡೆ.

23 ಜೂನ್, ಸಂಜೆ

ನಾಳೆ ಬೋರ್ಡು. ಕೂತಲ್ಲಿ ಕೂರೋಕಾಗ್ತಿಲ್ಲ.

ಶಿಫ್ಟ್ ಮುಗಿಸಿ ಬಂದ್ರೆ ಇವರು ಹಿತ್ತಲಲ್ಲಿ. ನಾಲ್ಕು ಹೆಜ್ಜೆ ಹಾಕೋದು, ನಿಲ್ಲೋದು, ತಲೆ ಆಡಿಸೋದು, ಮತ್ತೆ ವಾಪಸ್. ಪ್ರಭಾ ಹೊಸಿಲ ಮೇಲೆ ಕೂತು ನೋಡ್ತಿದ್ದಳು.

"ಬರ್ತಾ ಇಲ್ಲ ಕಣೇ," ನನ್ನನ್ನ ನೋಡಿ ಅಂದ್ರು. "ನಾನು ಹೇಗೆ ನಡೀತೀನಿ ಅಂತ ನನಗೇ ಗೊತ್ತಿಲ್ಲ. ನೀನು ದಿನಾ ನೋಡ್ತೀಯಲ್ಲ. ನಡೆದು ತೋರಿಸು."

ತಮಾಷೆ ಅಂದ್ಕೊಂಡೆ. ಅಲ್ಲ.

ಸೆರಗು ಸಿಕ್ಕಿಸಿಕೊಂಡೆ. ಎಡಗಾಲು ಎಳೆದೆ, ಸೊಂಟ ಬಲಕ್ಕೆ ವಾಲಿಸಿದೆ, ಮೂರನೇ ಹೆಜ್ಜೆಗೆ ತುಟಿ ಕಚ್ಚಿದೆ. ಯೋಚನೆ ಮಾಡಬೇಕಾಗಲೇ ಇಲ್ಲ. ಒಗೆಯೋ ಕಲ್ಲಿನ ತನಕ ಹೋಗಿ ತಿರುಗಿದೆ.

ಇವರ ಮುಖ ಬಿಳಿಚಿಕೊಂಡಿತ್ತು.

"ಇಷ್ಟೊಂದಾ?" ಅಂದ್ರು.

ಹೂಂ ಅಂದೆ. ಪ್ರಭಾ ಎದ್ದು ಒಳಗೆ ಹೋದಳು. ಇನ್ನೊಂದ್ಸಲ ತೋರಿಸು ಅಂದ್ರು. ತೋರಿಸಿದೆ. ಈ ಸಲ ಇವರೂ ನನ್ನ ಹಿಂದೆ, ಎಡಗಾಲು ಎಳ್ಕೊಂಡು, ಒಗೆಯೋ ಕಲ್ಲಿನ ತನಕ ಬಂದ್ರು.